ತೆರಿಗೆಯನ್ನೂ ದೊಡ್ಡಕ್ಷರದಲ್ಲಿ ಬರೆಯುವ ಅಲ್ಲಾಭಕ್ಷ್

ದಢೇಸುಗೂರಿನಲ್ಲಿ ಇನ್ನೂ ಕೋಳಿ ಕೂಗುವ ಹೊತ್ತು. ಕಾಲುವೆ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿದೆ. ಪಾರ್ವತೆಮ್ಮನ ಮನೆಯ ಹೊರಗೋಡೆಗೆ ಏಣಿ ಒರಗಿಸಿದ ಅಲ್ಲಾಭಕ್ಷ್ ಪೇಂಟರ್, ನೀಲಿಪುಡಿಯಲ್ಲಿ ಅದ್ದಿದ ದಾರದ ಒಂದು ತುದಿಯನ್ನು ಮೊಳೆಗೆ ಸುತ್ತಿ, ಇನ್ನೊಂದನ್ನು ಬಿಗಿಯಾಗಿ ಎಳೆದು ಬೆರಳಲ್ಲಿ ಮೀಟುತ್ತಾರೆ. ಠಪ್ ಅಂತ ಗೋಡೆಯ ಮೇಲೆ ನೆಟ್ಟಗೆ ಗೆರೆ ಬೀಳುತ್ತದೆ. ಪಕ್ಕದಲ್ಲಿ ಕಟ್ಟಿದ ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿ ನೋಡುತ್ತದೆ.

"ಬಿಸಿಲು ಏರಿತಂದ್ರ ಗ್ವಾಡಿ ಬಣ್ಣ ಕುಡದುಬಿಡ್ತೈತಿರಿ. ನಸುಕಿನ್ಯಾಗ ಬರದ್ರ ಅಕ್ಷರ ನಿಲ್ತಾವ" ಎನ್ನುತ್ತಾರೆ, ಕುಂಚ ಒರೆಸಿಕೊಳ್ಳುತ್ತ.

ಗೋಡೆಯ ಮೇಲೆ ಕಳೆದ ತಿಂಗಳು ಅವರೇ ಬರೆದ ಜಾಹೀರಾತಿದೆ. ಒಂದು ಮೊಬೈಲ್ ಕಂಪನಿಯದು. 'ವರ್ಷದ ಪ್ಲಾನ್ ಜೊತೆ ಫೋನ್ ಬರೀ 999' ಎಂದು ಮೊಳದುದ್ದದ ಕೆಂಪಕ್ಷರ. ಅದನ್ನು ಅವರು ಮುಟ್ಟುತ್ತಿಲ್ಲ. ಅದರ ಕೆಳಗೆ, ಅಷ್ಟೇ ಎತ್ತರಕ್ಕೆ, ಅದೇ ಕೆಂಪಿನಲ್ಲಿ, ಇನ್ನೊಂದು ಸಾಲು ಬರೆಯುತ್ತಿದ್ದಾರೆ: 'ತೆರಿಗೆ ಬೇರೆ. ಅದೂ ಪೂರ್ತಿ ಬೆಲೆಯ ಮೇಲೆ.'

ಈ ಸಾಲನ್ನು ಹೀಗೆ ಬರೆಯಲು ಕಂಪನಿ ಹೇಳಿಲ್ಲ. ಬಣ್ಣವೂ ಅಲ್ಲಾಭಕ್ಷರ ಸ್ವಂತದ್ದೇ. ಹೊತ್ತೇರಿದ ಮೇಲೆ ಜಾಹೀರಾತು ಏಜೆನ್ಸಿಯ ಸೂಪರ್‌ವೈಸರ್ ಮುಷರಫ್ ಗೋಡೆಯ ಫೋಟೋ ತೆಗೆಯಲು ಬರುತ್ತಾನೆ. ಆ ಫೋಟೋ ಪಾಸಾದರೆ ಮಾತ್ರ ಲಿಂಗಸುಗೂರಿನಿಂದ ಹಟ್ಟಿಗೆ ಹೋಗುವ ರಸ್ತೆಯ ಗೋಡೆಗಳೆಲ್ಲ ಅಲ್ಲಾಭಕ್ಷರಿಗೆ ಸಿಗುತ್ತವೆ. ಈ ಹಂಗಾಮಿಗೆ ಅವರು ನೆಚ್ಚಿಕೊಂಡಿರುವ ದೊಡ್ಡ ಕೆಲಸವೆಂದರೆ ಅದೊಂದೇ.

ಸಿಂಧನೂರಿನ ಯಾವ ಹಳೆಯ ರೈಸ್‌ಮಿಲ್ಲಿನ ಬಾಗಿಲ ಮುಂದೆ ನಿಂತರೂ ಅಲ್ಲಾಭಕ್ಷರ ಕೈ ಕಾಣುತ್ತದೆ. ಇಸ್ಮಾಯಿಲ್‌ಸಾಬ್ ಎಂಬ ಉಸ್ತಾದರ ಹತ್ತಿರ ಡಬ್ಬಿ ತೊಳೆಯುತ್ತ ಕಲಿತ ಕೆಲಸ. ಮೊದಲ ವರ್ಷ 'ಅ' ಅಕ್ಷರದ ಹೊಟ್ಟೆ ದುಂಡಗೆ ಬರದಿದ್ದಾಗೆಲ್ಲ ಉಸ್ತಾದರು, ಇದೇನು ಅಕ್ಷರವೋ ಹಸಿದ ಕೋಳಿಯೋ ಎಂದು ಕೇಳುತ್ತಿದ್ದರಂತೆ. ಆಮೇಲೆ ಫ್ಲೆಕ್ಸ್ ಬಂತು. ಅಂಗಡಿಯ ಬೋರ್ಡುಗಳು ಹೋದವು, ಲಾರಿಯ ಹಿಂಬದಿ ಹೋಯಿತು. ಉಳಿದದ್ದು ಹಳ್ಳಿಯ ಗೋಡೆ. ಟಿವಿಎಸ್ ಮೇಲೆ ಏಣಿ ಕಟ್ಟಿಕೊಂಡು ಸಿಂಧನೂರು, ಮಸ್ಕಿ, ಲಿಂಗಸುಗೂರು ಸುತ್ತುತ್ತಾರೆ. ಅಡಿ ಲೆಕ್ಕದ ಕೂಲಿ. ದಿನಕ್ಕೆ ಎರಡು ಗೋಡೆ ಮುಗಿದರೆ ಭಾಗ್ಯ. ಕೈ ಎತ್ತಿ ಹಿಡಿದೂ ಹಿಡಿದೂ ಬಲ ಹೆಗಲು ಈಗ ರಾತ್ರಿಯೆಲ್ಲ ಜಗಳಕ್ಕೆ ಬರುತ್ತದೆ ಎಂದು ನಗುತ್ತಾರೆ. ಪ್ರತಿ ಗೋಡೆಯ ಮೂಲೆಯಲ್ಲೂ 'ಭಕ್ಷ್ ಆರ್ಟ್ಸ್' ಎಂಬ ಸಣ್ಣ ರುಜು, ಕೆಳಗೆ ಫೋನ್ ನಂಬರು.

ಆ ನಂಬರಿಗೇ ಪಾರ್ವತೆಮ್ಮನ ಫೋನು ಬಂದಿದ್ದು, ಪಕ್ಕದ ಮನೆಯವರ ಮೊಬೈಲಿನಿಂದ.

ಪಾರ್ವತೆಮ್ಮ ಭತ್ತದ ನಾಟಿ ಕೂಲಿಗೆ ಹೋಗುವ ಹೆಂಗಸು. ಹಟ್ಟಿಯಲ್ಲಿರುವ ಮಗಳ ಹತ್ತಿರ ಮಾತಾಡಲು ತನ್ನದೇ ಫೋನು ಬೇಕು ಅನ್ನಿಸಿ, ಗೋಡೆಯ ಮೇಲಿನ 999ನ್ನೂ ಪ್ಲಾನಿನ ದುಡ್ಡನ್ನೂ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಸಿಂಧನೂರಿಗೆ ಹೋದರು. ಅಂಗಡಿಯಲ್ಲಿ ಮುನ್ನೂರರವತ್ತು ರೂಪಾಯಿ ಟ್ಯಾಕ್ಸ್ ಬೇರೆ ಅಂದರು. ಬರಿಗೈಲಿ ಬಂದ ಪಾರ್ವತೆಮ್ಮ ಕಂಪನಿಗೂ ಬೈಯಲಿಲ್ಲ, ಅಂಗಡಿಗೂ ಬೈಯಲಿಲ್ಲ. ಪೇಂಟರನ್ನು ಕರೆಸಿದರು.

"ಏನೋ ಪೇಂಟರ, ನನ್ನ ಗ್ವಾಡಿ ಕಡಿಂದ ನನಗ ಸುಳ್ಳು ಹೇಳಿಸಿದೆಲ್ಲೋ" ಅಂದರಂತೆ. "ಬರದಾಂವ ನೀನ. ಕೆಳಗ ನಿನ್ನ ಹೆಸರೈತಿ. ಕಂಪನಿ ಕರಗೈತೋ ಕೆಂಪಗೈತೋ, ನಾ ಏನ್ ಕಂಡೀನಿ?"

ತೆರಿಗೆಯ ಮಾತು ಅಲ್ಲಿರಲಿಲ್ಲವೆಂದಲ್ಲ. ಕಂಪನಿಯ ನಮೂನೆಯಲ್ಲಿ ಇದ್ದಂತೆ ಬೆರಳಗಲದ ಅಕ್ಷರದಲ್ಲಿ, ಗೋಡೆಯ ಬುಡಕ್ಕೆ, ಎಮ್ಮೆ ಕಟ್ಟುವ ಗೂಟದ ಹಿಂದೆ ಇತ್ತು. ಅಲ್ಲಾಭಕ್ಷ್ ಬೆರಳು ಮಾಡಿ ತೋರಿಸಿದರು. ಪಾರ್ವತೆಮ್ಮ ಬಗ್ಗಿ ನೋಡಿ, ದೊಡ್ಡಕ್ಷರವನ್ನು ಮನುಷ್ಯರಿಗೆ ಬರೆದು ಸಣ್ಣದನ್ನು ಎಮ್ಮೆಗೆ ಬರೆದಿದ್ದೀಯಾ ಎಂದು ಕೇಳಿದರು.

ಅಲ್ಲಿಂದ ಅಲ್ಲಾಭಕ್ಷ್ ಸೀದಾ ಹೋದದ್ದು ಸಿಂಧನೂರಿನ ಆ ಅಂಗಡಿಗೆ. ಕೌಂಟರಿನಲ್ಲಿದ್ದ ಮೆಹನಾಜ್ ತಾಳ್ಮೆಯಿಂದ ಬಿಡಿಸಿ ಹೇಳಿದಳು: "ಫೋನಿನ ಖರೆ ರೇಟು ಎರಡ್ ಸಾವಿರ ಚಾಚಾ. ಪ್ಲಾನ್ ತಗೊಂಡ್ರ ಅರ್ಧಾ ಕಂಪನಿ ಹಾಕ್ತೈತಿ. ಗಿರಾಕಿ ಕೊಟ್ರೇನು, ಕಂಪನಿ ಕೊಟ್ರೇನು, ಮಾರಿದ ಮಾಲು ಎರಡ್ ಸಾವಿರದ್ದ. ಟ್ಯಾಕ್ಸೂ ಅಷ್ಟಕ್ಕ ಬೀಳ್ತೈತಿ." ಪ್ಲಾನಿಗೂ ತೆರಿಗೆ ಇದೆಯಂತೆ; ಅದು ರೇಟಿನೊಳಗೇ ಸೇರಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ದಿನಾ ಬೈಸಿಕೊಳ್ಳುವುದು ನಾನು ಎಂದೂ ಸೇರಿಸಿದಳು.

ತೆರಿಗೆ ತಪ್ಪಲ್ಲ, ಬಚ್ಚಿಟ್ಟಿದ್ದು ತಪ್ಪು ಎಂದು ಅಲ್ಲಾಭಕ್ಷರಿಗೆ ಅವತ್ತೇ ಖಾತ್ರಿಯಾಯಿತು.

ಬಿಸಿಲು ಮಾಳಿಗೆಗೆ ಏರುವಷ್ಟರಲ್ಲಿ ಮುಷರಫನ ಬೈಕು ಬಂದು ನಿಲ್ಲುತ್ತದೆ. ಒಳ್ಳೆಯ ಹುಡುಗ, ಚಾಚಾ ಎಂದೇ ಮಾತಾಡುತ್ತಾನೆ. ಗೋಡೆ ನೋಡಿ ಹೆಲ್ಮೆಟ್ ತೆಗೆಯುವುದನ್ನೇ ಮರೆಯುತ್ತಾನೆ. ಫೋಟೋ ಕಳಿಸುತ್ತಾನೆ. ಮೇಲಿನವರ ಫೋನು ತಡಮಾಡದೆ ಬರುತ್ತದೆ. ಎರಡನೇ ಸಾಲು ಅಳಿಸಬೇಕು, ಇಲ್ಲದಿದ್ದರೆ ಹಟ್ಟಿ ರಸ್ತೆಯ ಗೋಡೆಗಳು ಬೇರೆಯವರಿಗೆ. ಮುಷರಫ್ ಸುಣ್ಣದ ಬಕೆಟ್ ತೋರಿಸಿ, ಒಂದು ಕೈ ಹೊಡೆದುಬಿಡಿ, ಮಕ್ಕಳು ಮರಿ ಇದ್ದವರು ನೀವು ಎಂದು ಬೇಡಿಕೊಳ್ಳುತ್ತಾನೆ.

ಅಲ್ಲಾಭಕ್ಷ್ ಏಣಿಯ ಮೇಲಿಂದ ಇಳಿಯುವುದಿಲ್ಲ. "ಅಳಸ್ತೀನಿ ಬೇಟಾ. ಆದ್ರ ಅಳಿಸಿದ್ರ ಪೂರಾ ಗ್ವಾಡಿ ಅಳಸ್ತೀನಿ, ಮೂರೂ ಒಂಬತ್ತು ಹೋಗ್ತಾವ. ಮ್ಯಾಲಿನ ಸಾಲು ಇರಬೇಕಂದ್ರ ಕೆಳಗಿಂದೂ ಇರ್ತೈತಿ. ಹೋಗಿ ಹೇಳು."

ಬೇರೆ ಪೇಂಟರನ್ನು ತರುತ್ತಾರೆ ಎನ್ನುತ್ತಾನೆ ಮುಷರಫ್. ಅಲ್ಲಿಯವರೆಗೆ ಸುಮ್ಮನೆ ಸಗಣಿ ಬಾಚುತ್ತಿದ್ದ ಪಾರ್ವತೆಮ್ಮ ತಲೆಯೆತ್ತುತ್ತಾರೆ.

"ತರ್ಲಿ. ಏಣಿ ಎಲ್ಲಿ ಹಚ್ಚತಾರ? ಗ್ವಾಡಿ ನಂದೈತಿ. ನಿಮ್ಮ ಸಾಹೇಬಗ ಇನ್ನೊಂದು ಹೇಳು, ಈ ಸಲ ಟ್ಯಾಕ್ಸಿಂದೂ ಜೋಡಿಸೀನಿ. ನಾಳಿ ಆ ಫೋನ್ ನಾನ ತರ್ತೀನಿ."

ಮುಷರಫ್ ನಗುವುದೋ ಬಿಡುವುದೋ ತಿಳಿಯದೆ ಬೈಕು ಹತ್ತುತ್ತಾನೆ. ಹಟ್ಟಿ ರಸ್ತೆಯ ಗೋಡೆಗಳು ಅವನ ಜೊತೆಗೇ ಹೋದವು ಎಂಬುದು ಅಲ್ಲಾಭಕ್ಷರಿಗೂ ಗೊತ್ತು. ಮಸ್ಕಿಯಲ್ಲಿ ಒಂದು ಹಿಟ್ಟಿನ ಗಿರಣಿಯ ಹೆಸರು ಬರೆಯುವುದಿದೆ, ನೋಡೋಣ ಎನ್ನುತ್ತಾರೆ. ಮತ್ತೇನು ಆಸೆ ಎಂದರೆ, ತಾನು ಬರೆದ ಹಳೆಯ ಗೋಡೆಗಳಿಗೆಲ್ಲ ಒಮ್ಮೆ ಹೋಗಿ ಬುಡದ ಸಾಲನ್ನು ಮೇಲೆ ತರಬೇಕಂತೆ.

ಕೊನೆಗೆ ಸಣ್ಣ ಕುಂಚ ತೆಗೆದು ಮೂಲೆಗೆ ಬಗ್ಗುತ್ತಾರೆ. ಎಮ್ಮೆ ಮೈಯುಜ್ಜಿ ಮಾಸಿದ್ದ ಹೆಸರನ್ನು ತಿದ್ದುತ್ತಾರೆ. ಕೆಳಗಿನ ನಂಬರನ್ನು ಮಾತ್ರ ಈ ಸಲ ಸ್ವಲ್ಪ ದೊಡ್ಡದಾಗಿ ಬರೆಯುತ್ತಾರೆ.

"ಬೈಯಾಕ ಯಾರರ ಫೋನ್ ಹಚ್ಚಲಿರಿ" ಎನ್ನುತ್ತಾರೆ. "ಎತ್ತತೀನಿ."