ಡೀಟರ್ ಅವರ ಸಾವುಗಳು

ನಮ್ಮ ಪಕ್ಕದ ಮನೆಯ ಡೀಟರ್ ಅವರು ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಗುಂಡು ತಿಂದು ಸಾಯುತ್ತಾರೆ. ಸೋಮವಾರ ಬೆಳಿಗ್ಗೆ ಡ್ರೆಸ್ಸಿಂಗ್ ಗೌನು ತೊಟ್ಟು ಕಸದ ಬಿನ್ನನ್ನು ರಸ್ತೆಯಂಚಿಗೆ ಎಳೆದು ತರುತ್ತಾರೆ. ಇಂಗ್ಲೆಂಡಿನ ಸ್ಟಾಕ್‌ಪೋರ್ಟಿಗೆ ಬಂದ ಹೊಸತರಲ್ಲಿ ನಾನು ಈ ಪುನರುತ್ಥಾನಕ್ಕೆ ತುಸು ಬೆಚ್ಚುತ್ತಿದ್ದೆ. ಸತ್ತವರು ಮರುದಿನ ಎದುರಾಗಿ ಗುಡ್ ಮಾರ್ನಿಂಗ್ ಹೇಳುವ ಅನುಭವ ನಮ್ಮಂಥ ಜಿಪಿ ಡಾಕ್ಟರುಗಳಿಗೆ ಇರುವುದಿಲ್ಲ, ನೋಡಿ.

ಡೀಟರ್ ಜರ್ಮನಿಯ ಸಣ್ಣ ಊರೊಂದರ ರಂಗಮಂದಿರದಲ್ಲಿ ಹರೆಯದಲ್ಲೇ ರಾಜ, ವಿದೂಷಕ, ವಿರಹಿ ಎಲ್ಲವೂ ಆಗಿ ಸೈ ಎನಿಸಿಕೊಂಡವರು. ಅಲ್ಲಿಗೆ ಪ್ರವಾಸ ಬಂದಿದ್ದ ಮಾರ್ಗರೆಟ್ ಎಂಬ ಶಿಕ್ಷಕಿಗೆ ಮನಸೋತು, ಆಕೆಯ ಹಿಂದೆಯೇ ಇಂಗ್ಲೆಂಡಿಗೆ ಬಂದರು. ಇಲ್ಲಿ ಅವರ ಉಚ್ಚಾರಣೆಯನ್ನು ಕೇಳಿದ ಚಿತ್ರನಿರ್ದೇಶಕರೆಲ್ಲ, ಈ ಯೋಚನೆ ತಮಗೊಬ್ಬರಿಗೇ ಹೊಳೆಯಿತೆಂಬ ಹೆಮ್ಮೆಯಿಂದ, ನಾಜಿ ಸೈನಿಕನ ಅದೇ ಸಮವಸ್ತ್ರವನ್ನು ಅವರ ಕೈಗಿತ್ತರು. ಮಹಾಯುದ್ಧ ಮುಗಿದಾಗ ಬೂಟಿನ ದಾರ ಕಟ್ಟಲೂ ಬಾರದ ಮಗುವಾಗಿದ್ದವರು ಜೀವಮಾನವಿಡೀ ಆ ಯುದ್ಧವನ್ನೇ ಸೋಲುತ್ತ ಬಂದರು: ಸೇತುವೆಯಿಂದ ಬಿದ್ದರು, ಜಲಾಂತರ್ಗಾಮಿಯಲ್ಲಿ ಮುಳುಗಿದರು, ಒಮ್ಮೆ ಆಲೂಗಡ್ಡೆ ತುಂಬಿದ ಲಾರಿಯಡಿ ಸಿಕ್ಕಿ ಅಸುನೀಗಿದರು. ಮಾರ್ಗರೆಟ್ ಮಾತ್ರ ಒಂದು ಚಿತ್ರವನ್ನೂ ಕೊನೆಯತನಕ ನೋಡಲಿಲ್ಲವಂತೆ. ಗಂಡ ಸಾಯುವ ಹೊತ್ತು ಹತ್ತಿರವಾಗುತ್ತಲೇ ಏನಾದರೊಂದು ನೆವ ಹೇಳಿ ಎದ್ದುಹೋಗುತ್ತಿದ್ದರಂತೆ. ಆಕೆ ತೀರಿಹೋಗಿ ಈಗ ಕೆಲವು ವರ್ಷಗಳಾಗಿವೆ.

ಕಳೆದ ವರ್ಷ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಶ್ರೀಧರ್ ನಾಟಕವೊಂದನ್ನು ಬರೆದರು. ಹಗಲೆಲ್ಲ ಮೀಡಿಯಾಸಿಟಿಯ ಕಚೇರಿಯಲ್ಲಿ ಸಾಫ್ಟ್‌ವೇರ್ ಬರೆಯುವ ಮನುಷ್ಯ ಸಂಜೆ ಕರುಣರಸಕ್ಕೆ ಇಳಿಯುತ್ತಾರೆ. ಕಥೆ ಸರಳ: ಒಂದು ಕನ್ನಡ ಕುಟುಂಬ, ಅವರನ್ನು ಸ್ವಂತ ಮಕ್ಕಳಂತೆ ನೋಡಿಕೊಳ್ಳುವ, ಇಂಗ್ಲಿಷಿನಲ್ಲೇ ಮಾತಾಡುವ ಬಿಳಿಯ ಮನೆಮಾಲೀಕ, ಕೊನೆಯಲ್ಲಿ ಆ ಮುದುಕನ ಸಾವು. ಆ ಪಾತ್ರಕ್ಕೆ ಡೀಟರ್ ಅವರನ್ನು ಒಪ್ಪಿಸುವ ಹೊಣೆ ನನ್ನ ಮೇಲೆ ಬಿತ್ತು. ಒಳ್ಳೆಯವನ ಪಾತ್ರ ಎಂದೊಡನೆ ಅವರ ಮುಖ ಅರಳಿತು. ಕೊನೆಗೆ ಸಾಯುತ್ತಾನೆ ಎಂದೊಡನೆ ಬಾಡಿತು. ಎಂಬತ್ತು ದಾಟಿದ ದುರ್ಬಲ ಹೃದಯದ ಅವರಿಗೆ ಇದೇ ಕಡೆಯ ವೇಷವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಒಂದೇ ಒಂದು ಸಲ ಪರದೆ ಬೀಳುವಾಗ ಬದುಕಿರಬೇಕೆಂದು ಆಸೆಯಿತ್ತು ಎಂದರು. ಆಮೇಲೆ, ಕಸುಬುದಾರನಿಗೆ ತಕ್ಕಂತೆ, ಒಪ್ಪಿದರು.

ಮುದುಕನನ್ನು ಉಳಿಸಿ ಎಂದು ಶ್ರೀಧರ್ ಬಳಿ ವಕಾಲತ್ತು ಮಾಡಿ ನೋಡಿದೆ. "ಡಾಕ್ಟ್ರೇ, ಕೊನೇಲಿ ಯಾರಾದ್ರೂ ಹೋಗ್ಲಿಲ್ಲ ಅಂದ್ರೆ ಜನ ಅಳೋದು ಯಾವಾಗ? ಅತ್ರೆ ತಾನೇ ನಾಟಕ ಚೆನ್ನಾಗಿತ್ತು ಅನ್ನೋದು?" ಎಂದರು.

ನಮ್ಮ ಸಂಘದಲ್ಲೊಂದು ಪದ್ಧತಿಯಿದೆ: ನಾಟಕದಲ್ಲಿ ಡಾಕ್ಟರ್ ಬಂದರೆ ಆ ಪಾತ್ರವನ್ನು ನಿಜವಾದ ಡಾಕ್ಟರೇ ಮಾಡಬೇಕು. ಸ್ಟೆತಸ್ಕೋಪು ಸ್ವಂತದ್ದಿರುತ್ತದೆ, ಅಭಿನಯ ಬರಬೇಕೆಂದಿಲ್ಲ. ಹೀಗೆ ನನಗೆ ಸಿಕ್ಕಿದ್ದು ಒಂದೇ ಮಾತು: ಮುದುಕನ ನಾಡಿ ಹಿಡಿದು, "ಹೋಗಿಬಿಟ್ಟರು" ಎನ್ನುವುದು. ಆ ಕನ್ನಡ ಕುಟುಂಬದ ಗೃಹಿಣಿಯ ಪಾತ್ರದಲ್ಲಿ ನನ್ನ ಹೆಂಡತಿ ಸುಧಾ. ವೃತ್ತಿಯಲ್ಲಿ ಆಡಿ ಆಡಿ ಸವೆದ ಮಾತಿಗೂ ಕನ್ನಡಿಯ ಮುಂದೆ ತಾಲೀಮು ನಡೆಸುವ ಗಂಡನನ್ನು ಕಂಡು ಅವಳಿಗೆ ನಗು.

ಆ ಸಂಜೆ ಶಾಲೆಯ ಸಭಾಂಗಣ ತುಂಬಿತ್ತು. ದೂರದ ಲೆಸ್ಟರ್‌ನಿಂದಲೂ ಜನ ಬಂದಿದ್ದರು. ಡೀಟರ್ ಅಷ್ಟು ಮೆದುವಾಗಿ ನಕ್ಕದ್ದನ್ನು ನಾನು ಯಾವ ಚಿತ್ರದಲ್ಲೂ ಕಂಡಿರಲಿಲ್ಲ. ಕೊನೆಯ ದೃಶ್ಯದಲ್ಲಿ ಅವರು ಆರಾಮಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಕೈ ಸಡಿಲಬಿಟ್ಟರು. ನಾನು ಮಂಡಿಯೂರಿ ಮಣಿಕಟ್ಟು ಹಿಡಿದೆ. ತಪ್ಪಾದದ್ದು ಅಲ್ಲಿಯೇ. ನಟನಾದರೆ ಹಿಡಿದಂತೆ ಮಾಡುತ್ತಿದ್ದ. ನನ್ನ ಬೆರಳುಗಳು ಅಭ್ಯಾಸಬಲದಿಂದ ತಾವಾಗಿ ನಾಡಿಯನ್ನು ಹುಡುಕಿ ಹಿಡಿದವು. ಅದು ಯುವಕನ ನಾಡಿಯಂತೆ ಓಡುತ್ತಿತ್ತು. ಎಷ್ಟೋ ಮನೆಗಳಲ್ಲಿ ಆ ಮಾತನ್ನು ಹೇಳಿದ್ದೇನೆ. ಬೆರಳಿನ ಕೆಳಗೆ ಜೀವ ಮಿಡಿಯುತ್ತಿರುವಾಗ ಒಮ್ಮೆಯೂ ಹೇಳಿಲ್ಲ. ನಾಲಿಗೆ ಹೊರಳಲಿಲ್ಲ.

ನಾನು ಮಾತು ಮರೆತೆನೆಂದುಕೊಂಡು ಶ್ರೀಧರ್ ಪರದೆಯ ಮರೆಯಿಂದ, "ಹೋಗಿಬಿಟ್ರು ಅನ್ರೀ! ಹೋಗಿಬಿಟ್ರು!" ಎಂದು ಪಿಸುಗುಟ್ಟಿದರು. ಮೂರನೆಯ ಸಾಲಿಗೂ ಕೇಳಿಸಿರಬೇಕು.

"ಬದುಕಿದ್ದಾರೆ" ಎಂದೆ.

ಗೋಳಾಡಲು ಉಸಿರೆಳೆದುಕೊಂಡಿದ್ದ ಸುಧಾ ಒಂದು ಕ್ಷಣ ಬಾಯಿ ತೆರೆದೇ ನಿಂತಳು. ನನ್ನ ಮುಖ ನೋಡಿದಳು, ಡೀಟರ್ ಅವರ ಮುಖ ನೋಡಿದಳು. "ಹಾಗಾದ್ರೆ ಕಾಫಿ ಕೊಡ್ತೀನಿ" ಎಂದು ಮೇಜಿನ ಮೇಲಿದ್ದ ಲೋಟ ತಂದು ಅವರ ಕೈಗಿಟ್ಟಳು. ಜನ ನಕ್ಕರು. ಕನ್ನಡ ಬಾರದ ಡೀಟರ್‌ಗೆ ಕಾಫಿ ಎಂಬುದು ಅರ್ಥವಾಯಿತು. ಸತ್ತವರಿಗೆ ಯಾರೂ ಕಾಫಿ ಕೊಡುವುದಿಲ್ಲ ಎಂಬುದೂ ಹೊಳೆಯಿತು. ಅವರು ಕಣ್ಣು ತೆರೆದು ನೆಟ್ಟಗೆ ಕುಳಿತರು. ಲೋಟದಲ್ಲಿ ಒಂದು ಹನಿಯೂ ಇರಲಿಲ್ಲ. ಅದನ್ನೇ ಆರಲೆಂದು ಊದಿ, ಗುಟುಕು ಗುಟುಕಾಗಿ, ತಳದ ಸಕ್ಕರೆಯನ್ನೂ ಬಿಡದೆ ಕುಡಿದು ಮುಗಿಸಿದರು. ಅಲ್ಲಿಯವರೆಗೆ ಪರದೆ ಎಳೆಯಲು ಯಾರಿಗೂ ಮನಸ್ಸಾಗಲಿಲ್ಲ, ಮರೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಶ್ರೀಧರ್‌ಗೂ.