ಅತ್ತಿಗೆಯ ಕಯಾಕ್, ನಾದಿನಿಯ ಕೆನೋ

ಅವಳಿಗೆ ಮೊಂಡಿ ಅಂತ ಹೆಸರಿಟ್ಟವಳು ಅತ್ತಿಗೆಯೇ. ಮದುವೆಯಾಗಿ ಬಂದ ಹೊಸದರಲ್ಲೇ ಇಟ್ಟಳು. ಅದೇ ಎಲ್ಲರ ಬಾಯಲ್ಲೂ ನಿಂತುಬಿಟ್ಟಿತು.

ಅತ್ತಿಗೆ ಹೊಳೆದಂಡೆಯ ದೋಣಿ ಕ್ಲಬ್ಬಿನಲ್ಲಿ ಕೋಚ್. ಅಣ್ಣ ಅಲ್ಲೇ ದೋಣಿ ರಿಪೇರಿ ಮಾಡುತ್ತಿದ್ದ. ಅತ್ತಿಗೆಯದು ಕಯಾಕ್: ಮೇಲೆಲ್ಲ ಮುಚ್ಚಿದ ಸಪೂರ ದೋಣಿ. ಕಾಲು ಚಾಚಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಬೇಕು. ಮೊಂಡಿಗೆ ಒಲಿದದ್ದು ಕೆನೋ. ಅದು ತೆರೆದ ದೋಣಿ. ಮಂಡಿಯೂರಿ, ಒಂದೇ ಅಲಗಿನ ಹುಟ್ಟು ಹಾಕುವುದು.

"ಮಂಡಿಯೂರಿ ಯಾರ ಕಾಲಿಗೆ ಬೀಳ್ತಿದೀಯೇ?" ಅಂತ ಅತ್ತಿಗೆ ಎಲ್ಲರೆದುರು ಕೇಳೋಳು.

"ನಿಮ್ಮ ಕಾಲಿಗಂತೂ ಅಲ್ಲ," ಅಂದುಬಿಟ್ಟಳು ಒಂದು ದಿನ ಮೊಂಡಿ.

ಅಂದಿನಿಂದ ಮೊಂಡಿಯ ಕೆನೋ ಶೆಡ್ಡಿನ ಮೂಲೆ ಸೇರಿತು, ಅದರ ಮೇಲೆ ಬಣ್ಣದ ಡಬ್ಬಗಳು ಬಂದು ಕೂತವು. ಪಂದ್ಯಕ್ಕೆ ತಂಡ ಆರಿಸುವಾಗ ಅತ್ತಿಗೆಯ ಕಣ್ಣು ಅವಳ ಮೇಲಿಂದ ಹಾಗೇ ಜಾರಿಹೋಗುತ್ತಿತ್ತು. ಮನೆಯಲ್ಲೂ ಇಬ್ಬರಿಗೂ ಮಾತಿಲ್ಲ. "ತಟ್ಟೆ ತೊಳೆದಿಡೋಕೆ ಹೇಳ್ರೀ ನಿಮ್ಮ ತಂಗೀಗೆ," ಅಂತ ಪಕ್ಕದಲ್ಲೇ ಇದ್ದವಳಿಗೆ ಗಂಡನ ಕೈಲಿ ಹೇಳಿಸೋಳು.

ಒಂದು ಬೆಳಿಗ್ಗೆ ಹೊಳೆ ರಭಸವಾಗಿತ್ತು. ಮೊಂಡಿ ಡಬ್ಬಗಳನ್ನು ಇಳಿಸಿಟ್ಟು ತನ್ನ ಕೆನೋವನ್ನು ತಾನೇ ನೀರಿಗಿಳಿಸಿದ್ದಳು. ಕ್ಲಬ್ಬಿಗೆ ಕಲಿಯಲು ಬರುವ ಹುಡುಗಿಯರಿನ್ನೂ ಹೊಳೆಯ ತಿರುವಿನ ಹಿಂದೆ, ಇತ್ತ ಕಾಣದಂತೆ, ದಡದಲ್ಲೇ ಇದ್ದರು. ಮುಂದೆ ಹೋಗಿದ್ದ ಅತ್ತಿಗೆಯ ಕಯಾಕ್ ಸುಳಿಗೆ ಸಿಕ್ಕಿ ಮಗುಚಿತು. ನೀರು ಒಳನುಗ್ಗದಂತೆ ಸೊಂಟದ ಸುತ್ತ ದೋಣಿಗೆ ಬಿಗಿದ ರಬ್ಬರ್ ಬಟ್ಟೆ. ಅದನ್ನು ಕಿತ್ತುಕೊಂಡು ಹೊರಬರಲು ಮುಂದುಗಡೆ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿ ಒಳಗೇ ಸಿಕ್ಕಿಹೋಗಿತ್ತು. ಅದನ್ನು ಹೊರಗೆ ಬಿಡದವರಿಗೆ ಉಗಿಯುತ್ತಿದ್ದವಳು ಅತ್ತಿಗೆಯೇ. ಈಗ ನೀರೊಳಗೆ ತಲೆಕೆಳಗಾಗಿ, ಕೈಯನ್ನಷ್ಟೇ ಮೇಲೆ ಚಾಚಿ ದೋಣಿಯ ತಳ ಬಡಿಯುತ್ತಿದ್ದಳು.

ಮೊಂಡಿ ಕೆನೋ ತಿರುಗಿಸಿ, ಅದರ ಮೂತಿಯನ್ನು ನೇರ ಆ ಕೈಯ ಹತ್ತಿರ ತಂದಳು. ಕೈ ಅದನ್ನು ಹಿಡಿಯಿತು. ಅತ್ತಿಗೆ ಆ ಆಸರೆಯಲ್ಲಿ ಸೊಂಟ ಕೊಡವಿ ದೋಣಿಸಮೇತ ಮೇಲೆ ಬಂದು, ಕೆಮ್ಮಿ ಕೆಮ್ಮಿ ಉಸಿರೆಳೆದುಕೊಂಡಳು.

"ಯಾರೇ ಕರೆದಿದ್ದು ನಿನ್ನ?"

ಅಷ್ಟೇ ಆಗಿದ್ದರೆ ಮೊಂಡಿ ನುಂಗಿಕೊಳ್ಳುತ್ತಿದ್ದಳೇನೋ. ಸಂಜೆಯ ಹೊತ್ತಿಗೆ ಕ್ಲಬ್ಬಿನ ತುಂಬ ಬೇರೆಯೇ ಸುದ್ದಿ: ಮೊಂಡಿ ಬೇಕಂತಲೇ ಕೆನೋ ಗುದ್ದಿ ಅತ್ತಿಗೆಯನ್ನು ಬೀಳಿಸಿದಳಂತೆ.

"ಕ್ಷಮೆ ಕೇಳಿಬಿಡು," ಅಂದ ಅಣ್ಣ, ನೆಲ ನೋಡುತ್ತ.

"ನಾನು ಬೀಳಿಸಿದೆ ಅಂತ ನೀನು ನಂಬ್ತೀಯಾ?"

ಅವನು ರಿಪೇರಿಯ ದೋಣಿಯ ಕಡೆ ತಿರುಗಿಕೊಂಡ. ಮೊಂಡಿ ಬಟ್ಟೆಯ ಚೀಲವನ್ನು ಕೆನೋದಲ್ಲಿಟ್ಟು ಹೊಳೆ ದಾಟಿದಳು. ಆಚೆ ದಡದ ಹಳೇ ಗೋದಾಮಿನಲ್ಲಿ ಕೆನೋ ಕಲಿಸತೊಡಗಿದಳು. ಮೊದಲು ಬಂದವರು ಇಬ್ಬರೇ. ಆಮೇಲಾಮೇಲೆ ಅತ್ತಿಗೆಯ ಬೈಗುಳ ತಿಂದು ಸಾಕಾದವರೂ ದಾಟಿ ಬಂದರು.

ವರ್ಷಗಳ ಮೇಲೆ ಅಣ್ಣ ಬಂದ. ಬಾಗಿಲಲ್ಲೇ ನಿಂತು ಹೇಳಿದ: "ಅವಳು ತಾನಾಗೇ ಮಗುಚಿದ್ದು ಅಂತ ನಂಗೆ ಅವತ್ತೇ ಗೊತ್ತಿತ್ತು ಕಣೇ. ದಡಕ್ಕೆ ಬಂದಾಗ ಒಳಗೆ ಸಿಕ್ಕಿದ್ದ ಅವಳ ಪಟ್ಟಿ ಬಿಡಿಸಿದ್ದು ನಾನೇ, ನೀನೇ ಅವಳನ್ನ ಉಳಿಸಿದ್ದು ಅಂತ ತಿಳೀದೇ ಇರುತ್ತಾ? ಆದ್ರೆ ಮನೆ ನಡೀಬೇಕಲ್ಲ."

ಮೊಂಡಿ ಅವನ ಮುಖವನ್ನೇ ದಿಟ್ಟಿಸಿದಳು. ಅತ್ತಿಗೆಯ ಮೇಲೆ ಕೂಡ ಇಷ್ಟು ಸಿಟ್ಟು ಅವಳಿಗೆ ಬಂದಿರಲಿಲ್ಲ.

"ನಡೀತಲ್ಲ? ಹೋಗು, ನಡೆಸ್ಕೋ."

ಅವನ ಮುಖದ ಮೇಲೇ ಬಾಗಿಲು ಹಾಕಿ, ಕಾಯುತ್ತಿದ್ದ ಹುಡುಗಿಯರನ್ನು ನೀರಿಗಿಳಿಸಲು ಹಿಂಬಾಗಿಲಿನಿಂದ ಹೋದಳು.