ವಾರ್ಡಿನಲ್ಲಿ ಜವಳ

ಟಣ್ ಟಣ್ ಟಣ್. ಪ್ರೈಮಸ್ ಸ್ಟೋವಿನ ಮೇಲೆ ಕುದಿಯುವ ನೀರಿನಲ್ಲಿ ಸೂಜಿಗಳು ಪಾತ್ರೆಗೆ ಬಡಿಯುವ ಸದ್ದು. ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತು, ನರ್ಸಿಂಗ್ ಮುಗಿಸಿ, ಅರವತ್ತರ ದಶಕದಲ್ಲಿ ಇಂಡಿ ಪಟ್ಟಣದ ಸಣ್ಣ ಆಸ್ಪತ್ರೆಗೆ ಬಂದ ನನಗೆ ಅದೊಂದೇ ಪರಿಚಿತ. ಉಳಿದದ್ದೆಲ್ಲ ಬೇರೆ: ಕಪ್ಪು ಮಣ್ಣು, ಮೀನಿಲ್ಲದ ಊಟ, ಜಗಳದಂತೆ ಕೇಳುವ ಅಕ್ಕರೆ. "ಯಾಕ ನರ್ಸ್ ಬಾಯಾರ, ಇನ್ನೂ ಉಂಡಿಲ್ಲೇನ?" ಎಂದು ಹೊರ್ತಿಯ ಶಾಂತವ್ವಜ್ಜಿ ಗದರಿದಾಗ ನಾನು ಹೆದರಿ ಸಾರಿ ಹೇಳಿಬಿಟ್ಟಿದ್ದೆ.

ಅಜ್ಜಿಯ ಮಗಳ ಗಂಡುಕೂಸಿಗೆ ಎಂಟು ತಿಂಗಳು. ಮೈಯಲ್ಲಿ ರಕ್ತ ತಾನಾಗಿ ಊರುತ್ತಿರಲಿಲ್ಲ. ತಿಂಗಳಿಗೊಮ್ಮೆ ಬ್ಲಡ್ ಕೊಡಲೇಬೇಕು. ಸೋದರಮಾವ, ಅಂದರೆ ಅಜ್ಜಿಯ ಮಗ, ಸಿಂದಗಿಯಿಂದ ಬಂದು ತನ್ನ ರಕ್ತ ಕೊಡುತ್ತಿದ್ದ. ಆ ದಿನ ಬಾಟಲಿ ಸಿದ್ಧವಿತ್ತು, ಕೂಸಿನ ತುಟಿ ಬಿಳಿಚಿಕೊಂಡಿತ್ತು, ಕೈಕಾಲಿನಲ್ಲಿ ಒಂದು ನರವೂ ಸಿಗಲೊಲ್ಲದು. ಐದು ಸಲ ಚುಚ್ಚಿ ಡಾಕ್ಟರು ಕೈಚೆಲ್ಲಿದರು. ತಾಯಿ ಹೊರಗೆ ಕುಳಿತು ಅಳುತ್ತಿದ್ದಳು.

ಎಳೆಗೂಸಿನ ತಲೆಯ ನರ ಸುಲಭವಾಗಿ ಸಿಗುತ್ತದೆ ಎಂದು ಟ್ರೇನಿಂಗಿನಲ್ಲಿ ಕಲಿತಿದ್ದೆ. ಯಾರನ್ನೂ ಕೇಳದೆ ರೇಜರ್ ಹಿಡಿದೆ.

"ಏ ಬಾಯಾರ, ಕೈ ತಗೀರಿ! ಕೂಸಿಂದು ಇನ್ನ ಜವಳ ಆಗಿಲ್ಲ!" ಅಜ್ಜಿ ಕೂಗಿದಳು.

ನಮ್ಮ ಮನೆಯಲ್ಲಿ ಕೂದಲೆಂದರೆ ಬರೀ ಕೂದಲು. ಇಲ್ಲಿ ಜವಳದ ದಿನ ಹುಟ್ಟುಗೂದಲನ್ನು ಸೋದರಮಾವನೇ ಮೊದಲು ಕತ್ತರಿಸಬೇಕು, ಅಪ್ಪನ ಕಡೆಯ ಸೋದರತ್ತೆ ಸೆರಗಿನಲ್ಲಿ ಹಿಡಿಯಬೇಕು.

ರೇಜರ್ ಕೆಳಗಿಟ್ಟೆ. "ಮಾವ ಇಲ್ಲೇ ಇದ್ದಾರಲ್ಲ ಅಜ್ಜಿ?"

"ಅತ್ತೀನ ಎಲ್ಲಿಂದ ತರ್ಲಿ? ಅಕಿ ಮುದ್ದೇಬಿಹಾಳದಾಗ ಅದಾಳ."

ರಕ್ತ ಕೊಟ್ಟ ತೋಳು ಮಡಚಿಕೊಂಡೇ ಮಾವ ಎದ್ದ. "ಯವ್ವಾ, ಅಕಿ ಬರೂತನಕ ಕೂಸು ಉಳೀಬೇಕಲ್ಲ? ಈ ಬಾಯಾರ ಅತ್ತಿ ಆಗ್ಲಿ."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸೆರಗ ಎಲ್ಲೈತಿ ಇವ್ರಿಗೆ?"

"ಏಪ್ರನ್ ಇದೆ," ಎಂದೆ.

ಅಂಥ ಹೊತ್ತಿನಲ್ಲೂ ನಕ್ಕುಬಿಟ್ಟಳು. "ಹಿಡೀರಿ ಹಂಗಾರ. ಒಂದ್ ಕೂದಲ ನೆಲಕ್ಕ ಬಿತ್ತಂದ್ರ ನೋಡ್ರಿ ಮತ್ತ!"

ಮಾವ ಮೊದಲ ಎಳೆ ಕತ್ತರಿಸಿದ. ಉಳಿದದ್ದನ್ನು ನಾನು ಬೋಳಿಸಿದೆ. ಬೆಚ್ಚನೆಯ ಬಟ್ಟೆಯ ಶಾಖ ಕೊಟ್ಟು, ತಲೆಯ ಸುತ್ತ ರಬ್ಬರ್ ಬ್ಯಾಂಡ್ ಹಾಕಿದಾಗ ಕಿವಿಯ ಮೇಲ್ಗಡೆ ನೀಲಿ ನರ ಉಬ್ಬಿತು. ಒಂದೇ ಸಲ ಚುಚ್ಚಿದ್ದಕ್ಕೆ ಸಿಕ್ಕಿತು. ಸಂಜೆಯೊಳಗೆ ಕೂಸಿನ ಉಗುರಿಗೆ ಬಣ್ಣ ಬಂತು.

ಆಮೇಲೆ ನೋಟ್‌ಬುಕ್ಕಿನಲ್ಲಿ ಅವನ ತಲೆಯ ಚಿತ್ರ ಬರೆದು, ಚುಚ್ಚಿದ ಜಾಗ ಗುರುತಿಟ್ಟು, ಒಂದೊಂದು ನರಕ್ಕೂ ರೆಸ್ಟ್ ಕೊಡುತ್ತಿದ್ದೆ. ಬಾಗೇವಾಡಿಯಿಂದಲೂ ಇಂಥ ಕೂಸುಗಳನ್ನು ನನ್ನ ಬಳಿ ತಂದರು. ಪ್ರೌಡ್ ಆಗಿದ್ದೆ, ಈಗಲೂ ಇದ್ದೇನೆ.

ನಾಲ್ಕು ವರ್ಷಕ್ಕೆ ಮಂಗಳೂರಿಗೆ ಟ್ರಾನ್ಸ್‌ಫರ್ ಬಂತು. ಹೊರಡುವ ದಿನ ವಾರ್ಡಿನ ಬಾಗಿಲಲ್ಲಿ ನಿಂತೆ. ನಾನೇ ಕಲಿಸಿದ ಮನಗೂಳಿಯ ನರ್ಸ್ ಶಾಂತವ್ವಜ್ಜಿಯ ಮೊಮ್ಮಗನ ಮುಂಗೈಗೆ ಶಾಖ ಕೊಟ್ಟು, ಒಂದೇ ಸಲಕ್ಕೆ ನರ ಹಿಡಿದಳು. ರಸ್ತೆಯಲ್ಲಿ ನನ್ನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಊರಿಗೆ ಹೊರಟಿದ್ದೇನೋ, ಊರು ಬಿಡುತ್ತಿದ್ದೇನೋ ತಿಳಿಯಲಿಲ್ಲ. ಅವನು ನನ್ನತ್ತ ತಿರುಗಲಿಲ್ಲ. "ಏನೂ ನೋವಾಗ್ಲಿಲ್ಲ ಬೇ," ಎಂದು ಅಜ್ಜಿಗೆ ಹೇಳುತ್ತಿದ್ದ. ನಾನು ಅವನನ್ನು ಕಂಡದ್ದು ಅದೇ ಕೊನೆ.